ರೋಲರ್ ಕಿಟ್ ವಿಮರ್ಶೆ: ಕೊಳ್ಳುವ ಮುನ್ನ ಹಾಳೆ ಎಲ್ಲಿ ನಿಂತಿದೆ ನೋಡಿ

ಆಫೀಸಿನ ಲೇಸರ್ ಪ್ರಿಂಟರ್‌ನಲ್ಲಿ ಪೇಪರ್ ಜಾಮ್ ಅಂದರೆ ಸಾಕು, ರೋಲರ್ ಕಿಟ್ ಹಾಕಿಸಿ ಅನ್ನುತ್ತಾರೆ. ಕಿಟ್‌ನಲ್ಲಿ ಇರುವುದು ಇಷ್ಟೇ: ಟ್ರೇಯಿಂದ ಹಾಳೆ ಎತ್ತುವ ಪಿಕಪ್ ರೋಲರ್, ಅದನ್ನು ಒಳಕ್ಕೆ ದೂಡುವ ಫೀಡ್ ರೋಲರ್, ಎರಡು ಹಾಳೆ ಅಂಟಿಕೊಂಡು ಬಾರದಂತೆ ತಡೆಯುವ ಸೆಪರೇಷನ್ ರೋಲರ್. ಚಿಕ್ಕ ಮಾದರಿಗಳಲ್ಲಾದರೆ ಒಂದು ಪಿಕಪ್ ರೋಲರ್, ಸೆಪರೇಷನ್ ರೋಲರ್ ಬದಲು ಅದೇ ಕೆಲಸದ ಒಂದು ಪ್ಯಾಡ್. ಒಳ್ಳೆಯ ಸಾಮಾನೇ, ಆದರೆ ಎಲ್ಲ ಜಾಮ್‌ಗೂ ಮದ್ದಲ್ಲ.

ಕಿಟ್ ಬೇಕೋ ಬೇಡವೋ ಎಂಬುದನ್ನು ಹಾಳೆಯ ಮುಂತುದಿಯೇ ಹೇಳುತ್ತದೆ. ಹಾಳೆ ಟ್ರೇ ಬಿಟ್ಟು ಕದಲಿಲ್ಲ, ಸ್ವಲ್ಪ ಬಂದು ನಿಂತಿತು, ಇಲ್ಲವೇ ಎರಡು ಮೂರು ಒಟ್ಟಿಗೆ ನುಗ್ಗಿದವು ಅಂದರೆ ಈ ಕಿಟ್‌ಗೆ ಕೆಲಸವಿದೆ. ಕಾಗದದ ಧೂಳು ಮೆತ್ತಿ, ರಬ್ಬರ್ ಸವೆದು ನುಣುಪಾದಾಗ ರೋಲರ್ ಜಾರುತ್ತದೆ. ಹಾಳೆ ತಡವಾಗಿ ಹೊರಡುತ್ತದೆ. ನಿಗದಿತ ಸಮಯದೊಳಗೆ ಅದು ಸೆನ್ಸರ್ ಮುಟ್ಟದಿದ್ದರೆ ಯಂತ್ರ ಜಾಮ್ ಎಂದು ಘೋಷಿಸಿಬಿಡುತ್ತದೆ. ಬಾಗಿಲು ತೆಗೆದು ನೋಡಿದರೆ ಒಳಗೆ ಏನೂ ಸಿಕ್ಕಿಕೊಂಡಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ದುಡ್ಡು ಹಾಕುವ ಮೊದಲು ಹಳೆಯ ರೋಲರನ್ನು ನೂಲು ಬಿಡದ ಬಟ್ಟೆಯಿಂದ, ಬರೀ ನೀರಿನಲ್ಲಿ ಒದ್ದೆ ಮಾಡಿ ಹಿಂಡಿ, ಸುತ್ತಲೂ ಒರೆಸಿ ಒಣಗಲು ಬಿಡಿ. ಜಾಮ್ ನಿಂತು ಕೆಲವೇ ದಿನಗಳಲ್ಲಿ ಮತ್ತೆ ಶುರುವಾದರೆ ರಬ್ಬರ್‌ನ ಆಯುಸ್ಸು ಮುಗಿಯಿತು ಎಂದೇ ಲೆಕ್ಕ.

ಜೋಡಿಸುವುದು ಸುಲಭ. ಕರೆಂಟ್ ತೆಗೆದು, ಟ್ರೇ ಹೊರಗೆಳೆದು, ಟೋನರ್ ಕಾರ್ಟ್ರಿಡ್ಜ್ ತೆಗೆದು ಬಟ್ಟೆ ಮುಚ್ಚಿಡಿ. ಹೆಚ್ಚು ಹೊತ್ತು ಬೆಳಕು ಬಿದ್ದರೆ ಅಚ್ಚು ಮೂಡಿಸುವ ಡ್ರಮ್ ಹಾಳಾಗಬಹುದು. ಬಹಳಷ್ಟು ಮಾದರಿಗಳಲ್ಲಿ ರೋಲರ್ ಪಕ್ಕದ ಕ್ಲಿಪ್ ಒತ್ತಿ ಜಾರಿಸಿದರೆ ಬರುತ್ತದೆ. ಹೊಸದನ್ನು ಬದಿಯಲ್ಲಷ್ಟೇ ಹಿಡಿಯಿರಿ, ಕೈಯ ಜಿಡ್ಡು ತಗುಲಿದರೂ ರಬ್ಬರ್ ಜಾರುತ್ತದೆ. ಕ್ಲಿಪ್ ಕಚ್ಚಿಕೊಂಡ ಸದ್ದು ಕೇಳಲೇಬೇಕು. ಪಿಕಪ್ ಒಂದನ್ನೇ ಬದಲಿಸಿ ಸವೆದ ಪ್ಯಾಡ್ ಉಳಿಸಿಕೊಂಡರೆ ಹೊಸ ರೋಲರ್ ಎರಡೆರಡು ಹಾಳೆ ಎಳೆಯತೊಡಗುತ್ತದೆ. ಉಳಿತಾಯದ ಲೆಕ್ಕ ಅಲ್ಲೇ ತಪ್ಪುವುದು.

ಕಂಪಾಟಿಬಲ್ ಕಿಟ್‌ಗಳ, ಅಂದರೆ ಪ್ರಿಂಟರ್ ಕಂಪನಿಯದಲ್ಲದೆ ಬೇರೆಯವರು ತಯಾರಿಸಿದವುಗಳ, ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಉಗುರಿನಿಂದ ಒತ್ತಿ ನೋಡಿ: ರಬ್ಬರ್ ಮೆತ್ತಗೆ ಒಳಹೋಗಿ ಮೇಲೇಳಬೇಕು. ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿದ್ದರೆ, ಇಲ್ಲವೇ ಒಳಗಿನ ಗಾಲಿಯ ಮೇಲೆ ರಬ್ಬರ್ ಸಡಿಲವಾಗಿ ತಿರುಗುತ್ತಿದ್ದರೆ ವಾಪಸ್ ಕೊಡಿ.

ಇನ್ನು ಈ ಕಿಟ್ ಕೈಚೆಲ್ಲುವ ಕಡೆಗಳು. ಹಾಳೆ ಕಾರ್ಟ್ರಿಡ್ಜ್ ಕೆಳಗೆ ನಿಂತಿದ್ದರೆ ಅಲ್ಲಿ ಹರಿದ ಚೂರು ಉಳಿದಿದೆಯೇ, ಸೆನ್ಸರ್‌ನ ಪುಟ್ಟ ಪ್ಲಾಸ್ಟಿಕ್ ಕಡ್ಡಿ ಮುಟ್ಟಿ ಬಿಟ್ಟಾಗ ಸ್ಪ್ರಿಂಗ್‌ನಂತೆ ವಾಪಸ್ ಬರುತ್ತದೆಯೇ ನೋಡಿ. ಹಾಳೆ ಮಡಿಕೆ ಮಡಿಕೆಯಾಗಿ ಹಿಂಬದಿಯಲ್ಲಿ ಕುಸಿದಿದ್ದರೆ ತೊಂದರೆ ಫ್ಯೂಸರ್ ಅಥವಾ ಅದರ ಹೊರದಾರಿಯದು. ಫ್ಯೂಸರ್ ಅಂದರೆ ಟೋನರ್ ಪುಡಿಯನ್ನು ಬಿಸಿಯಿಂದ ಹಾಳೆಗೆ ಅಂಟಿಸುವ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ಭಾಗ, ಆರಿದ ಮೇಲಷ್ಟೇ ಕೈ ಹಾಕಿ. ಹಾಳೆಯನ್ನು ಅದು ಸಾಗುವ ದಿಕ್ಕಿನಲ್ಲೇ, ಎರಡೂ ಕೈಯಿಂದ, ನಿಧಾನವಾಗಿ ಎಳೆಯಿರಿ. ಹಳೆಯ ಯಂತ್ರಗಳಲ್ಲಿ ಇನ್ನೊಂದು ಕಳ್ಳ ಇದ್ದಾನೆ: ಪಿಕಪ್ ರೋಲರನ್ನು ಹಿಡಿದು ಬಿಡುವ ಸೊಲೆನಾಯ್ಡ್‌ಗೆ (ವಿದ್ಯುತ್ತಿನಿಂದ ಕೆಲಸ ಮಾಡುವ ಪುಟ್ಟ ಅಯಸ್ಕಾಂತ) ಅಂಟಿಸಿದ ಫೋಮ್ ಕರಗಿ ಅಂಟಾಗುತ್ತದೆ. ಆಗ ರೋಲರ್ ಹೊತ್ತು ತಪ್ಪಿ ತಿರುಗುತ್ತದೆ, ಎಷ್ಟು ಹೊಸ ರೋಲರ್ ಹಾಕಿದರೂ ಅಷ್ಟೇ.

ತೇವ ಹೀರಿದ ಕಾಗದವೂ ಇದೇ ಲಕ್ಷಣ ತೋರಿಸುತ್ತದೆ. ಹೊಸದಾಗಿ ಬಿಚ್ಚಿದ 75 ಅಥವಾ 80 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಕಟ್ಟಿನಿಂದ, ಟ್ರೇಯ ಗೆರೆ ಮೀರದಷ್ಟು ಹಾಕಿ, ಬದಿಯ ಗೈಡ್‌ಗಳನ್ನು ಹಾಳೆಗೆ ತಾಗುವಷ್ಟೇ ಸರಿಸಿ ಒಮ್ಮೆ ಪರೀಕ್ಷಿಸಿ.

ಫ್ಯೂಸರ್ ಸೇರಿದ ದೊಡ್ಡ ಮೇಂಟೆನೆನ್ಸ್ ಕಿಟ್ ಕೂಡ ಸಿಗುತ್ತದೆ, ಬೆಲೆ ಬಹಳ ಹೆಚ್ಚು. ಟ್ರೇ ಬಳಿಯ ಜಾಮ್‌ಗೆ ಅದು ದಂಡ. ಪರದೆಯ ಮೇಲೆ ಮೇಂಟೆನೆನ್ಸ್ ಸೂಚನೆ ಬಂದು, ಅಚ್ಚು ಬೆರಳಿಗೆ ಹತ್ತಿಕೊಳ್ಳುತ್ತಿದ್ದರೆ ಮಾತ್ರ ಯೋಚಿಸಿ. ಹಾಕಿದ ಮೇಲೆ ಮೆನುವಿನಲ್ಲಿ ಪುಟಗಳ ಲೆಕ್ಕ ಇಡುವ ಕೌಂಟರ್ ರೀಸೆಟ್ ಮಾಡಿ, ಇಲ್ಲದಿದ್ದರೆ ಸೂಚನೆ ಹಾಗೇ ಉಳಿಯುತ್ತದೆ.