ಅಂಧೇರಿಯಲ್ಲಿ ಕೂತು ಭೋಸರಿಯ ಸ್ವಿಚ್‌ಗೆ ಕಮಾಂಡ್: ಸಿಸ್ಕೊ, ಪ್ರೊಕರ್ವ್, ಜುನಿಪರ್

ನಾನು ಕೂರುವುದು ಮುಂಬೈನ ಅಂಧೇರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ. ನೋಡಿಕೊಳ್ಳುವ ನೆಟ್‌ವರ್ಕ್ ಸ್ವಿಚ್‌ಗಳಲ್ಲಿ (ಕಂಪ್ಯೂಟರ್, ಫೋನು, ಕ್ಯಾಮೆರಾಗಳನ್ನು ಕೇಬಲ್‌ನಿಂದ ಜೋಡಿಸುವ ಪೆಟ್ಟಿಗೆಗಳು) ಅರ್ಧ ಇರುವುದು ಪುಣೆಯ ಭೋಸರಿಯಲ್ಲಿ. ಹಾಗಾಗಿ ಸಿಸ್ಕೊ, ಪ್ರೊಕರ್ವ್, ಜುನಿಪರ್ ಬ್ರ್ಯಾಂಡ್‌ಗಳಲ್ಲಿ ಯಾವುದರ ಕಮಾಂಡ್ ಲೈನ್, ಅಂದರೆ ಟೈಪ್ ಮಾಡಿ ಆದೇಶ ಕೊಡುವ ವ್ಯವಸ್ಥೆ, ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ನೋಡುವುದು, ದೂರದಿಂದ ತಪ್ಪು ಕಮಾಂಡ್ ಹೋದರೆ ಏನಾಗುತ್ತದೆ ಅನ್ನೋದನ್ನ. ಲಿಂಕ್ ಕಡಿದು ಹೋದರೆ ಬೆಳಿಗ್ಗೆ ದಾದರ್‌ನಲ್ಲಿ ಇಂದ್ರಾಯಣಿ ರೈಲು ಹತ್ತಿ, ಸ್ವಿಚ್‌ಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದು ಘಾಟಿ ಏರಬೇಕಲ್ವಾ?

ಸಿಸ್ಕೊದಲ್ಲೇ ನನ್ನ ಕೈ ಪಳಗಿದ್ದು. ಎನೇಬಲ್ (ಪೂರ್ಣ ಅಧಿಕಾರಕ್ಕೆ), ಕಾನ್ಫ್ ಟಿ (ಸೆಟ್ಟಿಂಗ್ ಬದಲಿಸಲು), ಶೋ ರನ್ (ಈಗಿನ ಸೆಟ್ಟಿಂಗ್ ನೋಡಲು). ಏನೂ ನೆನಪಾಗದಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಮುಂದಿನ ಪದ ಅದೇ ತೋರಿಸುತ್ತದೆ. ಕೊಟ್ಟ ಸಾಲು ರದ್ದಾಗಬೇಕಾ, ಅದರ ಮುಂದೆ 'ನೋ' ಸೇರಿಸಿ. ಇದಕ್ಕಿಂತ ಸುಲಭವಾಗಿ ಕಲಿಯುವಂಥದ್ದು ನಾನು ನೋಡಿಲ್ಲ. ಆದರೆ ಎಂಟರ್ ಒತ್ತಿದ ಕ್ಷಣವೇ ಅದು ಜಾರಿಗೆ ಬರುತ್ತದೆ. ವಿಲ್ಯಾನ್ ಅಂದರೆ ಒಂದೇ ಸ್ವಿಚ್ ಒಳಗೆ ಬೇರೆ ಬೇರೆ ಮಾಡಿದ ಜಾಲ, ಟ್ರಂಕ್ ಅಂದರೆ ಹಲವು ವಿಲ್ಯಾನ್ ಒಯ್ಯುವ ಪೋರ್ಟ್, ಅಪ್‌ಲಿಂಕ್ ಅಂದರೆ ಹೊರಗಿನ ಜಾಲಕ್ಕೆ ಹೋಗುವ ಸಂಪರ್ಕ. ಒಂದು ಸಂಜೆ ಕ್ಯಾಮೆರಾಗಳಿಗೆ ಅಂತ ಅಪ್‌ಲಿಂಕ್ ಟ್ರಂಕ್‌ಗೆ ವಿಲ್ಯಾನ್ 40 ಸೇರಿಸಲು ಹೋಗಿ, 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್' ಆದಮೇಲೆ ಬರಬೇಕಿದ್ದ 'ಆಡ್' ಪದವನ್ನು ನಾನು ಬಿಟ್ಟೆ. ಹಳೆಯ ಪಟ್ಟಿ ಪೂರ್ತಿ ಹೋಗಿ ಬರೀ 40 ಉಳಿಯಿತು. ನಾನು ಸ್ವಿಚ್‌ಗೆ ತಲುಪುವ ಮ್ಯಾನೇಜ್‌ಮೆಂಟ್ ವಿಲ್ಯಾನ್ ಕೂಡ ಹೋಯಿತು. ದೂರದಿಂದ ಲಾಗಿನ್ ಆಗಿದ್ದ ಎಸ್‌ಎಸ್‌ಎಚ್ ಸಂಪರ್ಕ ಅಲ್ಲೇ ನಿಂತಿತು. ಭೋಸರಿಯಲ್ಲಿ ವಿಜಯಪುರದ ಕಡೆಯ ಹುಡುಗ ಒಬ್ಬ ಇನ್ನೂ ಆಫೀಸಿನಲ್ಲಿದ್ದ. ಫೋನ್ ಮಾಡಿದೆ. "ಅಣ್ಣಾ, ಲೈಟ್ ಎಲ್ಲಾ ಹಸ್ರೇ ಅದಾವ್ರಿ, ನೆಟ್ ಮಾತ್ರ ಇಲ್ರಿ" ಅಂದ. ಪವರ್ ಕೇಬಲ್ ಕಿತ್ತು ಮತ್ತೆ ಹಾಕು ಅಂದೆ. ನಾನು ಇನ್ನೂ ರೈಟ್ ಮೆಮ್ (ಸೇವ್ ಮಾಡುವ ಕಮಾಂಡ್) ಕೊಟ್ಟಿರಲಿಲ್ಲ, ಹಾಗಾಗಿ ಸ್ವಿಚ್ ಹಿಂದೆ ಸೇವ್ ಆಗಿದ್ದ ಸೆಟ್ಟಿಂಗ್, ಅಂದರೆ ಹಳೆಯ ಸ್ಟಾರ್ಟಪ್ ಕಾನ್ಫಿಗ್ ಓದಿಕೊಂಡು ಎದ್ದಿತು, ಎಲ್ಲ ಸರಿಹೋಯಿತು.

ಅವತ್ತಿನಿಂದ ಕೈ ಹಾಕುವ ಮುಂಚೆ 'ರೀಲೋಡ್ ಇನ್ 10' ಕೊಡುತ್ತೇನೆ, ಅಂದರೆ ಹತ್ತು ನಿಮಿಷದಲ್ಲಿ ಸ್ವಿಚ್ ತಾನಾಗಿಯೇ ರೀಬೂಟ್. ಕೆಲಸ ಸರಿಯಾದರೆ 'ರೀಲೋಡ್ ಕ್ಯಾನ್ಸಲ್', ಆಮೇಲೆ ಸೇವ್. ಒಳ್ಳೆಯ ಉಪಾಯವೇ. ಆದರೆ ತಪ್ಪಾದರೆ ಇಡೀ ಸ್ವಿಚ್ ರೀಬೂಟ್ ಆಗುತ್ತದೆ, ಅದರಿಂದ ಕರೆಂಟ್ ಪಡೆಯುವ ಫೋನು, ಕ್ಯಾಮೆರಾ ಎಲ್ಲ ಜೊತೆಗೆ ಆರುತ್ತವೆ. ಹೊಸ ಐಒಎಸ್‌ನಲ್ಲಿ (ಸಿಸ್ಕೊ ಸ್ವಿಚ್‌ನ ಸಾಫ್ಟ್‌ವೇರ್) 'ರಿವರ್ಟ್ ಟೈಮರ್' ಇದೆ, ಸಮಯ ಮುಗಿದರೆ ಹಳೆಯ ಸೆಟ್ಟಿಂಗ್ ವಾಪಸ್ ಬರುತ್ತದೆ, ರೀಬೂಟ್ ಬೇಡ, ಆದರೆ ಮೊದಲೇ ಆರ್ಕೈವ್ (ಹಳೆಯ ಸೆಟ್ಟಿಂಗ್‌ಗಳ ಸಂಗ್ರಹ) ಹೊಂದಿಸಿಡಬೇಕು.

ಹಳೆಯ ಎಚ್‌ಪಿ ಪ್ರೊಕರ್ವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಪೋರ್ಟ್ ಒಳಗೆ ಹೋಗಿ ವಿಲ್ಯಾನ್ ಹಾಕುವ ಬದಲು, ವಿಲ್ಯಾನ್ ಒಳಗೆ ಹೋಗಿ ಯಾವ ಪೋರ್ಟ್ ಟ್ಯಾಗ್ಡ್ (ವಿಲ್ಯಾನ್ ಸಂಖ್ಯೆಯ ಗುರುತಿನ ಜೊತೆ), ಯಾವುದು ಅನ್‌ಟ್ಯಾಗ್ಡ್ (ಗುರುತಿಲ್ಲದೆ) ಅಂತ ಹೇಳಬೇಕು. ನನಗೆ ಇದು ಇಷ್ಟ, ಒಂದು ವಿಲ್ಯಾನ್ ಎಲ್ಲೆಲ್ಲಿದೆ ಅಂತ ಒಂದೇ ಕಡೆ ಕಾಣುತ್ತದೆ. ಸಿಸ್ಕೊದಿಂದ ಬಂದವರು ಒಂದು ಪದದ ಬಗ್ಗೆ ಎಚ್ಚರವಾಗಿರಬೇಕು. ಇಲ್ಲಿ 'ಟ್ರಂಕ್' ಅಂದರೆ ಹಲವು ಕೇಬಲ್ ಸೇರಿಸಿ ಒಂದು ಲಿಂಕ್ ಮಾಡುವುದು, ವಿಲ್ಯಾನ್‌ಗೂ ಅದಕ್ಕೂ ಸಂಬಂಧವಿಲ್ಲ.

ಜುನಿಪರ್‌ಗೆ ಹೊಂದಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. 'ಸೆಟ್ ಇಂಟರ್‌ಫೇಸಸ್' ಅಂತ ಶುರುವಾಗುವ ಸಾಲು ಮುಗಿಯುವುದೇ ಇಲ್ಲ ಅನ್ನಿಸುತ್ತಿತ್ತು. ಆದರೆ ಇಲ್ಲಿ ನೀವು ಬರೆಯುವುದು ಕರಡಿನಲ್ಲಿ. ಜಾರಿಗೆ ತರುವ ಕಮಾಂಡ್ ಆದ 'ಕಮಿಟ್' ಕೊಡುವ ತನಕ ಸ್ವಿಚ್ ತನ್ನ ಪಾಡಿಗೆ ಹಳೆಯದನ್ನೇ ನಡೆಸುತ್ತಿರುತ್ತದೆ. 'ಶೋ, ಪೈಪ್, ಕಂಪೇರ್' ಕೊಟ್ಟರೆ ಏನು ಸೇರಿತು, ಏನು ಹೋಯಿತು ಅಂತ ಕೂಡು, ಕಳೆ ಗುರುತು ಹಾಕಿ ತೋರಿಸುತ್ತದೆ. 'ವಿಲ್ಯಾನ್ ಮೆಂಬರ್ಸ್'ಗೆ ಸೆಟ್ ಕೊಟ್ಟರೆ ಹಳೆಯ ಪಟ್ಟಿಗೆ ಸೇರುತ್ತದೆ, ಅದನ್ನು ಅಳಿಸುವುದಿಲ್ಲ. ಹಿಂದಿನ ಕಾನ್ಫಿಗ್‌ಗಳು 49ರವರೆಗೆ ಇರುತ್ತವೆ, ರೋಲ್‌ಬ್ಯಾಕ್ ಕೊಟ್ಟು ಯಾವುದಕ್ಕೆ ಬೇಕಾದರೂ ಮರಳಬಹುದು.

ಜುನಿಪರ್ ಸ್ವಿಚ್ಚನ್ನು ಭೋಸರಿಗೆ ಕಳಿಸುವ ಮುಂಚೆ ಅಂಧೇರಿಯ ರ‍್ಯಾಕ್‌ನಲ್ಲೇ ಬೇಕಂತ ತಪ್ಪು ಮಾಡಿ ನೋಡಿದೆ. ಅಪ್‌ಲಿಂಕ್‌ನ ವಿಲ್ಯಾನ್‌ಗಳನ್ನೆಲ್ಲ ಡಿಲೀಟ್ ಮಾಡಿ 'ಕಮಿಟ್ ಕನ್ಫರ್ಮ್ಡ್ 5' ಕೊಟ್ಟೆ, ಅಂದರೆ ಐದು ನಿಮಿಷದೊಳಗೆ ಇನ್ನೊಂದು ಕಮಿಟ್ ಬರದಿದ್ದರೆ ಹಳೆಯ ಸೆಟ್ಟಿಂಗ್ ವಾಪಸ್. ಸೆಷನ್ ಸತ್ತಿತು. ಗಡಿಯಾರ ನೋಡುತ್ತಾ ಕೂತೆ. ಐದು ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಪರೀಕ್ಷೆ) ತಾನಾಗಿಯೇ ಮರಳಿತು. ರೀಬೂಟ್ ಇಲ್ಲ, ಬೇರೆ ಪೋರ್ಟ್‌ಗಳಿಗೆ ಗೊತ್ತೂ ಆಗಲಿಲ್ಲ. ನಿಜವಾಗಿ ತುಂಬಾ ಖುಷಿಯಾಯಿತು.

ಆಫೀಸಿನಲ್ಲೇ ಇರುವ ಸ್ವಿಚ್‌ಗೆ ಇವತ್ತಿಗೂ ನನಗೆ ಸಿಸ್ಕೊ ಸಾಕು, ಬೇಗ ಆಗುತ್ತದೆ. ಭೋಸರಿಯ ಅಪ್‌ಲಿಂಕ್‌ಗೆ ಮಾತ್ರ ಜುನಿಪರ್ ಹಾಕಿಸಿದ್ದೇನೆ. ನೀವೂ ಹಾಕುವುದಾದರೆ, ಎಲ್ಲ ಸರಿಯಿದೆ ಅಂತ ನೋಡಿಕೊಂಡ ಮೇಲೆ 'ಕಮಿಟ್ ಕನ್ಫರ್ಮ್ಡ್'ಗೆ ಕೊಟ್ಟ ಟೈಮ್ ಮುಗಿಯುವುದರೊಳಗೆ ಇನ್ನೊಂದು ಕಮಿಟ್ ಕೊಡಲೇಬೇಕು. ಮರೆತು ಚಹಾಕ್ಕೆ ಎದ್ದು ಹೋದರೆ, ಸರಿಯಾಗಿ ಮಾಡಿದ ಕೆಲಸವೂ ವಾಪಸ್ ಹೋಗಿರುತ್ತದೆ.