ಗೋಧಿ ಬಿಟ್ಟು ಥೈರಾಯ್ಡ್ ಮಾತ್ರೆಯನ್ನೂ ಬಿಟ್ಟೆ: ದಯವಿಟ್ಟು ನೀವು ಹಾಗೆ ಮಾಡಬೇಡಿ

ಆರು ವರ್ಷಗಳಿಂದ ನಾನು ದಿನಕ್ಕೆ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ರಕ್ತದಲ್ಲಿ ಏರುವ ಅಂಶ) 2.8ರ ಆಸುಪಾಸಿನಲ್ಲಿತ್ತು, ತೊಂದರೆಯೇನೂ ಇರಲಿಲ್ಲ. ಆದರೂ ಬದುಕಿರುವವರೆಗೆ ಮಾತ್ರೆ ನುಂಗಬೇಕಲ್ಲ ಎಂಬ ಬೇಸರ ಒಳಗೊಳಗೇ ಇತ್ತು. ಆಹಾರ ಸಲಹೆಗಾರರೆಂದು ಹೇಳಿಕೊಂಡ ಒಬ್ಬರು ಆ ಬೇಸರವನ್ನೇ ಹಿಡಿದು, ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನು) ಇರುವ ಆಹಾರವನ್ನೆಲ್ಲ ಬಿಟ್ಟರೆ 90 ದಿನಗಳಲ್ಲಿ ಥೈರಾಯ್ಡ್ ಗ್ರಂಥಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ ಎಂದು ಭರವಸೆ ಕೊಟ್ಟರು. ಮೊದಲ ತಿಂಗಳು ಅರ್ಧ ಮಾತ್ರೆ, ಎರಡನೆಯ ತಿಂಗಳಿಂದ ಅದೂ ಬೇಡ ಎಂದರು. ನನ್ನ ವೈದ್ಯರನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡೆ.

ಚಪಾತಿ, ಉಪ್ಪಿಟ್ಟು, ಶ್ಯಾವಿಗೆ, ಬ್ರೆಡ್ಡು ಎಲ್ಲವನ್ನೂ ಬಿಟ್ಟೆ. ಇಂಗಿನ ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ, ಅದರಲ್ಲಿಯೂ ಗೋಧಿ ಹಿಟ್ಟು ಬೆರೆತಿದೆಯೆಂದು ತಿಳಿದ ಮೇಲೆ ಸಾರಿನ ಒಗ್ಗರಣೆಗೆ ಇಂಗು ಹಾಕುವುದನ್ನೂ ನಿಲ್ಲಿಸಿದೆ. ಮೊದಲ ತಿಂಗಳಲ್ಲಿ ಮೂರು ಕಿಲೋ ಇಳಿದೆ. ಬೇಕರಿ ತಿಂಡಿ ನಿಂತದ್ದರಿಂದ ಇಳಿದ ತೂಕವನ್ನು ಥೈರಾಯ್ಡ್ ಗುಣವಾಗುತ್ತಿರುವ ಲಕ್ಷಣವೆಂದು ಭಾವಿಸಿದೆ. ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕಾಗುವುದರಿಂದ, ಮಾತ್ರೆ ಬಿಟ್ಟ ಕೂಡಲೇ ಏನೂ ಆಗುವುದಿಲ್ಲ. ಕೆಲವು ವಾರಗಳ ಕಾಲ ಎಲ್ಲವೂ ಸರಿಯಿದೆಯೆಂದೇ ಅನ್ನಿಸುತ್ತದೆ. ನಾನು ಮೋಸಹೋದದ್ದು ಅಲ್ಲಿಯೇ.

ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ, ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿಯೂ ರಾತ್ರಿ ಕಂಬಳಿ ಹೊದೆಯುತ್ತಿದ್ದೆ. ಬೆಳಿಗ್ಗೆ ಕಣ್ಣಿನ ರೆಪ್ಪೆಗಳು ಊದಿರುತ್ತಿದ್ದವು, ಸೋಪು ಹಚ್ಚಿ ತಿರುಗಿಸಿದರೂ ಬೆರಳಿನ ಉಂಗುರ ಕಳಚುತ್ತಿರಲಿಲ್ಲ. ಮಗಳು ಫೋನಿನಲ್ಲಿ, "ಅಮ್ಮಾ, ನೆಗಡಿಯಾಗಿದೆಯಾ? ಧ್ವನಿ ಯಾಕೆ ಹೀಗಿದೆ?" ಎಂದು ಕೇಳಿದಳು. ಸಲಹೆಗಾರರಿಗೆ ಹೇಳಿದರೆ, "ದೇಹ ವಿಷವನ್ನು ಹೊರಹಾಕುತ್ತಿದೆ ಮೇಡಂ, ಧೈರ್ಯವಾಗಿರಿ" ಎಂಬ ಉತ್ತರ ಬಂತು. ಕೊನೆಗೆ ಯಜಮಾನರೇ ಲ್ಯಾಬಿಗೆ ಕರೆದುಕೊಂಡು ಹೋದರು. ಟಿಎಸ್‌ಎಚ್ 64 ಬಂದಿತ್ತು, ಕೆಟ್ಟ ಕೊಲೆಸ್ಟರಾಲ್ ಕೂಡ ಏರಿತ್ತು.

ನನ್ನದು ಹಶಿಮೊಟೊ ಕಾಯಿಲೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುತ್ತದೆ, ಹಾಗೆ ಸೊರಗಿದ ಗ್ರಂಥಿ ತಯಾರಿಸಲಾಗದ ಹಾರ್ಮೋನನ್ನು ಮಾತ್ರೆ ತುಂಬಿಕೊಡುತ್ತದೆ. ಗೋಧಿ ಬಿಟ್ಟರೆ ಆ ಕೊರತೆ ತುಂಬುವುದಿಲ್ಲ. ಹಾಗೆಂದು ಗ್ಲುಟೆನ್ನಿನ ಮಾತು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಇದು ಇಷ್ಟು ಸುಲಭವಾಗಿ ನಂಬಿಸುತ್ತದೆ. ಹಶಿಮೊಟೊ ಇರುವವರಲ್ಲಿ ಕೆಲವರಿಗೆ ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯೂ ಇರುತ್ತದೆ; ಅಂಥವರು ಗೋಧಿ ಮತ್ತು ಬಾರ್ಲಿಯನ್ನು ಬಿಡಲೇಬೇಕು, ಬಿಟ್ಟ ಮೇಲೆ ಕರುಳು ಸುಧಾರಿಸಿ ಮಾತ್ರೆ ಚೆನ್ನಾಗಿ ಹೀರಲ್ಪಡುವುದರಿಂದ ಕೆಲವೊಮ್ಮೆ ಅದರ ಪ್ರಮಾಣವೂ ಇಳಿಯುತ್ತದೆ. ಆದರೆ ಸೀಲಿಯಾಕ್ ಇದೆಯೇ ಎಂದು ತಿಳಿಯುವ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಮೂರು ತಿಂಗಳು ಗೋಧಿಯನ್ನೇ ಮುಟ್ಟದ ನನ್ನ ರಕ್ತದಲ್ಲಿ ಪರೀಕ್ಷೆ ಸರಿಯಾದ ಉತ್ತರ ಕೊಡುವಂತಿರಲಿಲ್ಲ. ಎಂಟು ವಾರ ಮತ್ತೆ ದಿನವೂ ಚಪಾತಿ ತಿಂದು ಪರೀಕ್ಷಿಸಿದಾಗ, ನನಗೆ ಸೀಲಿಯಾಕ್ ಇಲ್ಲವೆಂದು ತಿಳಿಯಿತು.

ಇನ್ನೊಂದು ತಪ್ಪನ್ನೂ ಹೇಳಬೇಕು. ಮಾತ್ರೆ ಅರ್ಧ ಮಾಡಿದ್ದ ತಿಂಗಳಲ್ಲಿ ಆ ಸಲಹೆಗಾರರೇ ಕೊಟ್ಟ ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಗುಳಿಗೆಗಳನ್ನು ಅದರ ಜೊತೆಯಲ್ಲೇ ನುಂಗುತ್ತಿದ್ದೆ. ಇವು ಥೈರಾಯ್ಡ್ ಮಾತ್ರೆ ಹೀರಲ್ಪಡುವುದನ್ನು ತಡೆಯುತ್ತವೆ, ನಡುವೆ ನಾಲ್ಕು ಗಂಟೆಗಳ ಅಂತರವಿರಬೇಕು. ಈಗ ಬೆಳಿಗ್ಗೆ ಆರಕ್ಕೆ ಬರಿಹೊಟ್ಟೆಯಲ್ಲಿ ಮಾತ್ರೆ, ಏಳಕ್ಕೆ ಕಾಫಿ.

ಇದನ್ನು ಬರೆಯಲು ಕಾರಣ, ಅದೇ ಸಲಹೆಗಾರರ 90 ದಿನಗಳ ಗುಂಪಿನಲ್ಲಿ ಜೊತೆಗಿದ್ದ, ಈಗ ಮೂರು ತಿಂಗಳ ಗರ್ಭಿಣಿಯಾಗಿರುವ ಒಬ್ಬ ಹೆಣ್ಣುಮಗಳು. ತಾನೂ ಮಾತ್ರೆ ಅರ್ಧ ಮಾಡಿದ್ದೇನೆಂದು ಮೊನ್ನೆ ಹೇಳಿದಳು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಮಾತ್ರೆಯ ಪ್ರಮಾಣ ಹೆಚ್ಚೇ ಬೇಕಾಗುತ್ತದೆ, ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದೇ ತಾಯಿಯ ಈ ಹಾರ್ಮೋನಿನಿಂದ. ಅವಳನ್ನು ಅಂದೇ ವೈದ್ಯರ ಬಳಿಗೆ ಕಳುಹಿಸಿದ್ದೇನೆ.