ಆಟೋಡಾಕ್ ವೀನಾ: ಸಸ್ಯಜನ್ಯ ಅಣು ಮತ್ತು ಡಿಎನ್ಎ ಪ್ರಾಜೆಕ್ಟಿಗೆ ಎಷ್ಟು ನೆಚ್ಚಬಹುದು?

ತುಮಕೂರಿನ ಸ್ನಾತಕೋತ್ತರ ವಿಭಾಗಗಳಲ್ಲಿ ಪ್ರಾಜೆಕ್ಟಿನ ಕಾಲ ಬಂದಿತೆಂದರೆ, ಸಿದ್ಧರಬೆಟ್ಟದ ಗಿಡಮೂಲಿಕೆಗಳ ಹೆಸರು ಹಿಡಿದು, ಅವುಗಳಲ್ಲಿರುವ ಸಂಯುಕ್ತವು ಕ್ಯಾನ್ಸರ್ ಕೋಶದ ಡಿಎನ್ಎಗೆ ಹೇಗೆ ಅಂಟಿಕೊಳ್ಳುತ್ತದೆ ಎಂಬ ವಿಷಯವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ದ್ರಾವಕದ ಖರ್ಚಿಲ್ಲದೆ, ಒಂದು ಕಂಪ್ಯೂಟರಿನಲ್ಲೇ ಮುಗಿಯುವ ಕೆಲಸವೆಂಬ ಕಾರಣಕ್ಕೆ ಅವರಲ್ಲಿ ಅನೇಕರು ಹಿಡಿಯುವ ಸಾಧನ ಆಟೋಡಾಕ್ ವೀನಾ: ಸಣ್ಣ ಅಣುವೊಂದು ದೊಡ್ಡ ಅಣುವಿನ ಮೇಲೆ ಎಲ್ಲಿ, ಹೇಗೆ ಕೂರಬಹುದೆಂದು ಲೆಕ್ಕ ಹಾಕುವ, ಅಂದರೆ ‘ಡಾಕಿಂಗ್’ ಮಾಡುವ ತಂತ್ರಾಂಶ. ನಮ್ಮ ಪ್ರಯೋಗಾಲಯದಲ್ಲಿಯೂ ಇದೇ ಬಳಕೆಯಲ್ಲಿದೆ. ಪ್ರೋಟೀನ್ ಕೆಲಸಕ್ಕೆ ಇದು ಹೇಗೆ ಎಂಬುದನ್ನು ಬದಿಗಿಟ್ಟು, ಡಿಎನ್ಎ ವಿಷಯಕ್ಕಷ್ಟೇ ಈ ವಿಮರ್ಶೆಯನ್ನು ಸೀಮಿತಗೊಳಿಸುತ್ತೇನೆ.

ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಓಲೆಗ್ ಟ್ರಾಟ್ ಮತ್ತು ಆರ್ಥರ್ ಓಲ್ಸನ್ ರೂಪಿಸಿ 2010ರಲ್ಲಿ ಪ್ರಕಟಿಸಿದ ಈ ತಂತ್ರಾಂಶ ಸಂಪೂರ್ಣ ಉಚಿತ. ಹಳೆಯ ಡೆಸ್ಕ್‌ಟಾಪ್ ಇದ್ದರೂ ಸಾಕು. ಸಣ್ಣ ಅಣುವೊಂದರ ಲೆಕ್ಕ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಕಪ್ಪು ಪರದೆಯಲ್ಲಿ ಆಜ್ಞೆ ಬರೆಯಬೇಕಾದುದರಿಂದ ವಿದ್ಯಾರ್ಥಿಗಳು ಮೊದಲಿಗೆ ಹಿಂಜರಿಯುತ್ತಾರಾದರೂ, ನಿಜವಾಗಿ ಸಮಯ ತಿನ್ನುವುದು ಆಜ್ಞೆಯಲ್ಲ, ನೀರಿನ ಅಣುಗಳನ್ನು ತೆಗೆದು ಹೈಡ್ರೋಜನ್ ಸೇರಿಸಿ ಕಡತಗಳನ್ನು ಸಿದ್ಧಪಡಿಸುವ ಕೆಲಸ. ಆಮೇಲೆ ಹುಡುಕಬೇಕಾದ ಜಾಗದ ಪೆಟ್ಟಿಗೆಯ ಅಳತೆ ಕೊಟ್ಟರೆ, ಅಣು ಕುಳಿತುಕೊಳ್ಳಬಹುದಾದ ಭಂಗಿಗಳನ್ನು, ನಾವು ಬೇರೆ ಸಂಖ್ಯೆ ಕೊಡದಿದ್ದರೆ ಗರಿಷ್ಠ ಒಂಬತ್ತರವರೆಗೆ, ಅಂಕಗಳೊಡನೆ ಮುಂದಿಡುತ್ತದೆ. ಅಂಕವೆಂದರೆ ಬಂಧನಶಕ್ತಿಯ ಅಂದಾಜು; ಮೈನಸ್ ಹೆಚ್ಚಾದಷ್ಟೂ ಬಂಧನ ಬಲವಾದದ್ದೆಂದು ಅರ್ಥ.

ತೊಡಕು ಇರುವುದು ಈ ಭಂಗಿಗಳಲ್ಲಿಯೇ. ಬಹುತೇಕ ಎಲ್ಲರೂ ಆರಿಸಿಕೊಳ್ಳುವ ಡಿಎನ್ಎ ರಚನೆ 1981ರಲ್ಲಿ ಪ್ರಕಟವಾದ ಹನ್ನೆರಡು ಬೇಸ್ ಜೋಡಿಗಳ (ಡಿಎನ್ಎ ಏಣಿಯ ಮೆಟ್ಟಿಲುಗಳ) ತುಣುಕು. ಅಣುರಚನೆಗಳ ದತ್ತಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಅದರ ಸಂಕೇತ 1ಬಿಎನ್ಎ. ಅದರ ನಡುಭಾಗದಲ್ಲಿ ಅಡೆನಿನ್–ಥೈಮಿನ್ ಜೋಡಿಗಳೇ ಇದ್ದು, ಅಲ್ಲಿನ ಮೈನರ್ ಗ್ರೂವ್ (ಸುರುಳಿಯ ಎರಡು ತೋಡುಗಳಲ್ಲಿ ಚಿಕ್ಕದು) ಕಿರಿದಾಗಿದೆ. ವೀನಾ ಈ ಡಿಎನ್ಎಯನ್ನು ಕಲ್ಲಿನಂತೆ ಅಲುಗದ ವಸ್ತುವೆಂದು ಭಾವಿಸುತ್ತದೆ. ಆದರೆ ಚಪ್ಪಟೆಯಾದ ಅಣುವೊಂದು ಬೇಸ್ ಜೋಡಿಗಳ ನಡುವೆ ನುಸುಳಬೇಕಾದರೆ, 3.4 ಆಂಗ್‌ಸ್ಟ್ರಾಂ ಇರುವ ಅಂತರವು ಸುಮಾರು ಎರಡರಷ್ಟಾಗಿ ತೆರೆದುಕೊಳ್ಳಬೇಕು, ಸುರುಳಿಯೂ ಸ್ವಲ್ಪ ಬಿಚ್ಚಿಕೊಳ್ಳಬೇಕು. 1961ರಲ್ಲಿ ವಿಜ್ಞಾನಿ ಲೆರ್ಮನ್ ವಿವರಿಸಿದ ಇಂಟರ್‌ಕಲೇಶನ್ ಎಂಬುದು ಇದೇ. ಅಲುಗದ ಡಿಎನ್ಎಯಲ್ಲಿ ಆ ಬಿರುಕೇ ಇಲ್ಲದಿರುವಾಗ ಅಣು ಗ್ರೂವ್‌ನಲ್ಲಿ ಮಲಗುವುದನ್ನು ಬಿಟ್ಟು ಬೇರೇನು ಮಾಡೀತು? ನಮ್ಮ ಹೊಲದ ಬದುಗಳಲ್ಲಿ ತಾನಾಗಿ ಹಬ್ಬುವ, ಹಳದಿ ಹೂವಿನ ಮುಳ್ಳುಗಿಡ ಆರ್ಜಿಮೋನ್‌ನಲ್ಲಿರುವ ಸಾಂಗ್ವಿನರಿನ್ ಬೇಸ್ ಜೋಡಿಗಳ ನಡುವೆ ನುಸುಳುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದ ಸಂಗತಿ. ಇಷ್ಟಾದರೂ 1ಬಿಎನ್ಎ ಬಳಸಿದ ವರದಿ ಅದನ್ನು ಮೈನರ್ ಗ್ರೂವ್‌ನಲ್ಲಿಯೇ ಮಲಗಿಸಿರುತ್ತದೆ. (ಡಿಎನ್ಎಗೆ ಅಂಟುವುದೆಲ್ಲ ಔಷಧವೆಂದು ಬರೆಯುವವರು ಇದೇ ಆರ್ಜಿಮೋನ್ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು 1998ರಲ್ಲಿ ದೆಹಲಿಯಲ್ಲಿ ಜನರ ಪ್ರಾಣ ತೆಗೆದದ್ದನ್ನೂ ಓದಿಕೊಳ್ಳಬೇಕು.)

ಎರಡನೆಯ ಕೊರತೆ ವಿದ್ಯುದಾವೇಶಕ್ಕೆ ಸಂಬಂಧಿಸಿದ್ದು. ಡಿಎನ್ಎಯ ಬೆನ್ನೆಲುಬಾದ ಫಾಸ್ಫೇಟುಗಳು ಋಣಾವೇಶ ಹೊತ್ತಿರುತ್ತವೆ; ಮರದರಿಶಿನದಲ್ಲಿರುವ ಬರ್ಬೆರಿನ್ ಧನಾವೇಶದ ಅಣು. ಇವೆರಡರ ಆಕರ್ಷಣೆಗೆ ಬಂಧನದಲ್ಲಿ ಪಾಲಿದ್ದರೂ, ವೀನಾದ ಮೂಲ ಅಂಕಪದ್ಧತಿ ಪರಮಾಣುಗಳ ಆವೇಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನು ಹದಗೊಳಿಸಿದ್ದು ಪ್ರೋಟೀನ್ ಸಂಕೀರ್ಣಗಳ ಮೇಲೆ ಎಂಬುದನ್ನೂ ಮರೆಯಬಾರದು. 2021ರ 1.2 ಆವೃತ್ತಿಯಲ್ಲಿ ಆಟೋಡಾಕ್ 4ರ ಅಂಕಪದ್ಧತಿಯನ್ನು ಆರಿಸಿಕೊಳ್ಳುವ ಅವಕಾಶವಿದ್ದು, ಅದರಲ್ಲಿ ಆವೇಶದ ಲೆಕ್ಕವಿದೆ; ಡಿಎನ್ಎ ಕೆಲಸ ಮಾಡುವವರು ಕನಿಷ್ಠ ಅದನ್ನಾದರೂ ಬಳಸಬೇಕು.

ಅಂಕಗಳನ್ನು ಓದುವ ರೀತಿಯಂತೂ ನನಗೆ ಬೇಸರ ತರಿಸುತ್ತದೆ. ಮೈನಸ್ 8.1 ಬಂದ ಅಣುವಿಗಿಂತ ಮೈನಸ್ 8.5 ಬಂದದ್ದು ಶ್ರೇಷ್ಠವೆಂದು ಪ್ರಬಂಧದಲ್ಲಿ ಘೋಷಿಸಿಬಿಡುತ್ತಾರೆ. ತಯಾರಕರೇ ತಮ್ಮ ಪ್ರಬಂಧದಲ್ಲಿ ಕೊಟ್ಟಿರುವ ಪ್ರಮಾಣಿತ ದೋಷ ಪ್ರತಿ ಮೋಲಿಗೆ 2.85 ಕಿಲೋಕ್ಯಾಲರಿ ಇರುವಾಗ 0.4ರ ವ್ಯತ್ಯಾಸಕ್ಕೆ ಅರ್ಥವಿಲ್ಲ. ಅಣು ದೊಡ್ಡದಾದಷ್ಟೂ ಅಂಕ ಹಿಗ್ಗುವ ಗುಣವೂ ಇದಕ್ಕಿದೆ. ನಿತ್ಯಪುಷ್ಪದಿಂದ ಬರುವ ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್ ಕೆಲಸ ಮಾಡುವುದು ಟ್ಯುಬುಲಿನ್ ಪ್ರೋಟೀನಿನ ಮೇಲೆ, ಡಿಎನ್ಎ ಮೇಲಲ್ಲ. ಆದರೂ ಡಿಎನ್ಎ ಕೊಟ್ಟು ಕೇಳಿದರೆ ತಂತ್ರಾಂಶ ಒಂದು ಭಂಗಿಯನ್ನೂ ಒಂದು ಅಂಕವನ್ನೂ ಮರುಮಾತಿಲ್ಲದೆ ಕೊಡುತ್ತದೆ. ಪಶ್ಚಿಮ ಘಟ್ಟದ ನೋಥಾಪೊಡೈಟಿಸ್ ಮರದಲ್ಲಿಯೂ ದೊರೆಯುವ ಕ್ಯಾಂಪ್ಟೊಥೆಸಿನ್‌ನ ಕಥೆ ಇನ್ನೂ ಸೂಕ್ಷ್ಮ: ಅದು ಬರಿಯ ಡಿಎನ್ಎಯನ್ನು ಬಲವಾಗಿ ಹಿಡಿಯದೆ, ಟೊಪೊಐಸೊಮರೇಸ್ 1 ಕಿಣ್ವವು ಒಂದು ಎಳೆಯನ್ನು ಕತ್ತರಿಸಿದ ಜಾಗದಲ್ಲಿ ಸೇರಿಕೊಂಡು, ಆ ಗಾಯ ಮತ್ತೆ ಕೂಡದಂತೆ ತಡೆಯುತ್ತದೆ. ಕಿಣ್ವವಿಲ್ಲದ ಡಾಕಿಂಗ್ ಚಿತ್ರ ಇದನ್ನು ತೋರಿಸಲಾರದು.

ಬೋಧನೆಗೆ ಐದಕ್ಕೆ ನಾಲ್ಕೂವರೆ, ಡಿಎನ್ಎ ಬಂಧನದ ಪುರಾವೆಗೆ ಎರಡು ಅಂಕ ಕೊಡುತ್ತೇನೆ. ಬಳಸುವವರು 1ಬಿಎನ್ಎ ಜೊತೆಗೆ ಎಲಿಪ್ಟಿಸಿನ್ ಎಂಬ ಸಸ್ಯಜನ್ಯ ಅಣು ಬೇಸ್ ಜೋಡಿಗಳ ನಡುವೆ ನುಸುಳಿರುವ 1ಜೆಡ್3ಎಫ್ ರಚನೆಯನ್ನೂ ಇಳಿಸಿಕೊಂಡು, ಎಲಿಪ್ಟಿಸಿನ್ ತೆಗೆದು ಬಿರುಕು ಉಳಿದ ಆ ಡಿಎನ್ಎಯಲ್ಲಿಯೂ ತಮ್ಮ ಅಣುವನ್ನು ಪರೀಕ್ಷಿಸಲಿ. ಬಳಿಕ ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದ ಡಿಎನ್ಎ ದ್ರಾವಣಕ್ಕೆ ಅಣುವನ್ನು ಹಂತಹಂತವಾಗಿ ಸೇರಿಸುತ್ತ, ರಸಾಯನಶಾಸ್ತ್ರ ವಿಭಾಗದಲ್ಲಿರುವ ಆಸ್ಟ್‌ವಾಲ್ಡ್ ವಿಸ್ಕೋಮೀಟರಿನಲ್ಲಿ ಹರಿವಿನ ಸಮಯ ಅಳೆಯಲಿ: ಅಣು ಜೋಡಿಗಳ ನಡುವೆ ನುಸುಳಿದರೆ ಡಿಎನ್ಎ ಉದ್ದವಾಗಿ ಸ್ನಿಗ್ಧತೆ ಏರುತ್ತದೆ, ಗ್ರೂವ್‌ನಲ್ಲಿ ಕುಳಿತರೆ ಹೆಚ್ಚೇನೂ ಬದಲಾಗುವುದಿಲ್ಲ.